ಎರಡೂವರೆ ಡಿಗ್ರಿ

ಅಳತೆಯವನು "ನಲವತ್ತನಾಲ್ಕೂವರೆ" ಎಂದಾಗ ಅವಳಿಗೆ ಮೊದಲು ತಟ್ಟಿದ್ದು ಆ ಸಂಖ್ಯೆಯಲ್ಲ, ಅವನ ದನಿಯಲ್ಲಿದ್ದ ಬೇಸರ. ಬೆಳಿಗ್ಗೆ ಎಂಟೂವರೆಯಿಂದ ಆತ ಪ್ರಯೋಗಾಲಯದ ಒಂದೊಂದೇ ಯಂತ್ರದ ಮುಂದೆ ನಿಂತು, ಅದರ ಒಳಗೆ ತನ್ನ ತಂತಿಯ ತುದಿ ಇಳಿಬಿಟ್ಟು, ಕಾದು, ಬರೆದುಕೊಂಡು, ಹಸಿರು ಚೀಟಿ ಅಂಟಿಸುತ್ತ ಬಂದಿದ್ದ. ಮುಂದಿನ ವಾರ ಎಲ್ಲವೂ ಹೊಸ ಕಟ್ಟಡಕ್ಕೆ ಹೋಗಬೇಕು. ಚೀಟಿಯಿಲ್ಲದ ಒಂದು ತಕ್ಕಡಿಯೂ ಈ ಬಾಗಿಲು ದಾಟಕೂಡದು ಎಂದು ಸುತ್ತೋಲೆ ಬಂದಿತ್ತು. ಕಟ್ಟೆಯ ತುದಿಯಲ್ಲಿದ್ದ ಹಳೆಯ ವಾಟರ್ ಬಾತು, ಒಳಗಿನ ನೀರನ್ನು ಒಂದೇ ಬಿಸಿಯಲ್ಲಿ ಇಡುವ ಆ ಬಣ್ಣ ಎದ್ದ ಪೆಟ್ಟಿಗೆ, ಇದುವರೆಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ದೊಡ್ಡವರು, ಅಂದರೆ ಈ ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸಿದ ಪ್ರೊಫೆಸರು, ತಮ್ಮ ಆರಂಭದ ದಿನಗಳಲ್ಲಿ ಯಾವುದೋ ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ್ದು ಅದು. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಅಜ್ಜಿಯಲ್ಲಿ ಮಾಡಿದ ಪ್ರಯೋಗ ಕೈಕೊಡುವುದಿಲ್ಲ ಎಂಬ ಮಾತು ಹೊಸದಾಗಿ ಸೇರಿದವರ ಕಿವಿಗೂ ಮೊದಲ ವಾರದಲ್ಲೇ ಬೀಳುತ್ತಿತ್ತು. ಸ್ವಲ್ಪ ಕಾಯಿರಿ, ನೀರು ಇನ್ನೂ ಹದಕ್ಕೆ ಬಂದಿಲ್ಲ ಎಂದಳು. ಇಪ್ಪತ್ತು ನಿಮಿಷ ಕಾದಾಗಿದೆ ಎಂದು ಆತ ತನ್ನ ವಾಚು ತೋರಿಸಿದ. ಆಮೇಲೆ ಪೆಟ್ಟಿಗೆಯ ಬೆನ್ನಿನ ತಗಡು ಬಿಚ್ಚಿ, ಬಗ್ಗಿ ನೋಡಿ, ಅವಳನ್ನೂ ಬಗ್ಗುವಂತೆ ಕರೆದ. "ನೋಡಿ ಮೇಡಂ, ಬಿಸಿ ಅಳೆಯೋ ಕಡ್ಡಿ ನೀರಿನ ಮಧ್ಯೆ ಇರ್ಬೇಕು. ಇವ್ರು ಗೋಡೆ ಪಕ್ಕ ತೂತು ಕೊರೆದು ಕೂರಿಸಿದ್ದಾರೆ, ಅದಕ್ಕೆ ತಣ್ಣಗಿರೋದು ಮಾತ್ರ ಗೊತ್ತಾಗುತ್ತೆ. ಡಯಲ್ಲು ನಲವತ್ತೆರಡು ಅಂದಾಗೆಲ್ಲ ಒಳಗೆ ಎರಡೂವರೆ ಜಾಸ್ತಿ. ಇದು ಇವತ್ತು ಕೆಟ್ಟಿದ್ದಲ್ಲ. ಹುಟ್ಟಿದಾಗಿಂದ ಹೀಗೇ."

ಕೆಂಪು ಚೀಟಿ ಅಂಟಿಸಿ, ಕಾಗದ ಮುಂದೆ ಹಿಡಿದ. ಅವಳು ಸಹಿ ಮಾಡಿದಳು. ಅವಳ ಕೈಗೆ ಸಹಿ ಮಾಡುವುದು ಉಸಿರಾಟದಷ್ಟು ಅಭ್ಯಾಸವಾಗಿತ್ತು. ಆತ ಮುಂದಿನ ಕೋಣೆಗೆ ಹೋದ ಮೇಲೂ ಅವಳು ಅಜ್ಜಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಮುಚ್ಚಳದ ಬಿಸಿ ಅಂಗೈಗೆ ಹಿತವಾಗಿತ್ತು. ನಲವತ್ತೆರಡಕ್ಕೂ ನಲವತ್ತನಾಲ್ಕೂವರೆಗೂ ಇರುವ ಅಂತರ ಚರ್ಮಕ್ಕೆ ಗೊತ್ತಾಗುವುದಿಲ್ಲ. ಮೀಯುವ ನೀರಿನಲ್ಲಿ ಅಷ್ಟು ಹೆಚ್ಚುಕಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೀವಕೋಶಕ್ಕೆ ಹಾಗಲ್ಲ. ಹನ್ನೆರಡು ವರ್ಷದ ಹಿಂದೆ, ಇದೇ ಮುಚ್ಚಳ ಎತ್ತಿ, ಇದೇ ನೀರಿನಲ್ಲಿ ಕ್ಯಾನ್ಸರ್ ಗೆಡ್ಡೆಯ ಕೋಶಗಳಿದ್ದ ತಟ್ಟೆಗಳನ್ನು ತೇಲಿಬಿಟ್ಟು ಒಂದು ಗಂಟೆ ಕಾದಾಗ ಅವಳಿಗೆ ಸಿಕ್ಕಿದ್ದು ಅವಳ ಬದುಕಿನ ಒಂದೇ ಒಂದು ದೊಡ್ಡ ಸಂಗತಿ. ಕೋಶಕ್ಕೆ ಬಿಸಿಯ ಏಟು ಬಿದ್ದರೆ ಅದು ಮೊದಲು ಮಾಡುವುದು ಅಂಗಡಿ ಮುಚ್ಚುವ ಕೆಲಸ. ಹೊಸ ಪ್ರೋಟೀನು ಕಟ್ಟುವುದನ್ನು ನಿಲ್ಲಿಸುತ್ತದೆ. ಯಾವ ಪ್ರೋಟೀನು ಕಟ್ಟಬೇಕು ಎಂದು ತಿಳಿಸಲು ಜೀನಿನಿಂದ ನಕಲಾಗಿ ಬಂದ ಆರ್‌ಎನ್‌ಎ ಎಂಬ ಓಲೆಗಳಲ್ಲಿ ಬೇಕಾದಷ್ಟನ್ನು ಹರಿದು ಹಾಕುತ್ತದೆ. ಆ ಹರಿದಾಟದ ನಡುವೆ ಒಂದು ಪ್ರೋಟೀನು ಬಂದು ಒಂದು ಓಲೆಯನ್ನು ಮಾತ್ರ ಬಿಗಿಯಾಗಿ ಕಚ್ಚಿ ಹಿಡಿದುಕೊಳ್ಳುವುದನ್ನು ಅವಳು ಕಂಡಿದ್ದಳು. ಪ್ರಯೋಗಾಲಯದಲ್ಲಿ ಅದಕ್ಕೆ ಜಿಗಣೆ ಎಂದು ಹೆಸರು ಬಿತ್ತು. ಜಿಗಣೆ ಹಿಡಿದ ಓಲೆ ಕಾವಲು ಪ್ರೋಟೀನಿನದು. ಕೋಶ ಮಿತಿಮೀರಿ ಬೆಳೆಯದಂತೆ, ಬೆಳೆದರೆ ಅದನ್ನು ಸಾಯಿಸುವಂತೆ ನೋಡಿಕೊಳ್ಳುವ ಕಾವಲಿನದು. ನಲವತ್ತೆರಡು ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಜಿಗಣೆ ಓಲೆ ಹಿಡಿಯುತ್ತದೆ, ಕಾವಲು ಏಳುತ್ತದೆ, ಗೆಡ್ಡೆಯ ಕೋಶ ಸಾಯುತ್ತದೆ ಎಂದು ಅವಳು ಬರೆದ ಪ್ರಬಂಧದಲ್ಲಿ ಅವಳ ಹೆಸರು ಮೊದಲು, ದೊಡ್ಡವರ ಹೆಸರು ಕೊನೆಗೆ ಇತ್ತು. ಬೇರೆ ಊರಿನ ಇಬ್ಬರು, ನಮಗೆ ಹಾಗೆ ಆಗುತ್ತಿಲ್ಲವಲ್ಲ ಎಂದು ಬಹಳ ಮರ್ಯಾದೆಯಿಂದ ಪತ್ರ ಬರೆದಿದ್ದರು. ನಿಮ್ಮ ಕೋಶಗಳ ತಳಿ ಬೇರೆ ಇರಬೇಕು ಎಂದು ಅವಳೂ ಅಷ್ಟೇ ಮರ್ಯಾದೆಯಿಂದ ಉತ್ತರಿಸಿದ್ದಳು.

ಮೂರನೆಯವಳು ಪತ್ರ ಬರೆಯಲಿಲ್ಲ, ಎದುರಿಗೇ ನಿಂತಿದ್ದಳು. ಮೆಲ್ಲಮ್ಮ. ಅದು ಅವಳ ಹೆಸರಲ್ಲ. ಕೋಶದ ತಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುವಾಗ ತನಗೆ ತಾನೇ "ಮೆಲ್ಲಗೆ, ಮೆಲ್ಲಗೆ" ಎಂದುಕೊಳ್ಳುತ್ತಿದ್ದುದರಿಂದ ಉಳಿದ ವಿದ್ಯಾರ್ಥಿಗಳು ಇಟ್ಟದ್ದು. ಒಂಬತ್ತು ವರ್ಷದ ಹಿಂದೆ ಪಿಎಚ್‌ಡಿಯ ಎರಡನೆಯ ವರ್ಷದಲ್ಲಿದ್ದಳು. ಅಜ್ಜಿಯ ಮುಂದೆ ಯಾವಾಗಲೂ ಸರದಿ ಇರುತ್ತಿದ್ದುದರಿಂದ, ಹೊಸದಾಗಿ ಬಂದಿದ್ದ ಸ್ಟೀಲಿನ ವಾಟರ್ ಬಾತಿನಲ್ಲಿ ಪ್ರಯೋಗ ಮಾಡುತ್ತಿದ್ದಳು. ಅವಳ ಕೈಯಲ್ಲಿ ಜಿಗಣೆ ಓಲೆಯನ್ನು ಹಿಡಿಯಲೇ ಇಲ್ಲ. ಆರು ಸಲ ಮಾಡಿದರೂ ಇಲ್ಲ. ಕಾವಲಿನ ಓಲೆ ಚಿಂದಿಯಾಗಿ, ಕೋಶಗಳು ಮರುದಿನ ಏನೂ ಆಗದವರ ಹಾಗೆ ಎದ್ದು, ಮೊದಲಿಗಿಂತ ಜೋರಾಗಿ ಒಡೆದು ಬೆಳೆಯುತ್ತಿದ್ದವು. ಶುಕ್ರವಾರದ ಸಭೆಯಲ್ಲಿ ಆ ಚಿತ್ರಗಳನ್ನು ಗೋಡೆಯ ಮೇಲೆ ಮೆಲ್ಲಮ್ಮ ತೋರಿಸಿದಳು. ಹದಿನಾಲ್ಕು ಜನ ಕೂತಿದ್ದರು. ಅವಳ ಗೈಡಾಗಿದ್ದ ಇವಳು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಈಗ ಅದನ್ನು ನೆನೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಮೃದುವಾಗಿ, ತಂಗಿಗೆ ಬುದ್ಧಿ ಹೇಳುವ ಅಕ್ಕನ ಹಾಗೆ ಹೇಳಿದ್ದಳು: "ಕೆಲವರ ಕೈಗೆ ಕೋಶಗಳು ಒಗ್ಗಲ್ಲ. ಅದರಲ್ಲಿ ನಾಚಿಕೆ ಪಡೋಂಥದ್ದೇನಿಲ್ಲ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೆಲ್ಲಮ್ಮ ತನ್ನ ಎರಡೂ ಕೈಗಳನ್ನು, ಅವು ಬೇರೆ ಯಾರದೋ ಎನ್ನುವ ಹಾಗೆ, ಬೆನ್ನ ಹಿಂದೆ ಒಯ್ದಳು. ಎರಡು ತಿಂಗಳಿಗೆ ಬಿಟ್ಟು ಹೋದಳು. ಹೋಗುವಾಗ ಎಲ್ಲರಿಗೂ ಹೇಳಿ ಹೋದಳು, ಇವಳಿಗೂ.

ಇವತ್ತು ಹನ್ನೊಂದು ಗಂಟೆಗೆ ಇವಳು ಉಗ್ರಾಣದಲ್ಲಿದ್ದಳು. ಯಾಕೆ ಬಂದಿರಿ ಎಂದು ಕೇಳಿದ ಸಹಾಯಕಿಗೆ ಏನೋ ಒಂದು ಸುಳ್ಳು ಹೇಳಿದ್ದಳು. ಸಾಗಿಸುವುದಕ್ಕೆಂದು ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳ ಮೇಲೆ ವರ್ಷಗಳನ್ನು ಬರೆದಿತ್ತು. ಏಳನೆಯ ಪೆಟ್ಟಿಗೆಯ ಟೇಪು ಹರಿದು, ಮೊಣಕಾಲೂರಿ ಕೂತು, ಮೆಲ್ಲಮ್ಮನ ಪ್ರಯೋಗದ ಪುಸ್ತಕ ಹುಡುಕಿದಳು. ಕೆಳಗೆ ಕೂತರೆ ಏಳುವಾಗ ಏನಾದರೊಂದನ್ನು ಹಿಡಿದುಕೊಳ್ಳಬೇಕಾದ ವಯಸ್ಸು ತನಗೆ ಯಾವಾಗ ಬಂತು ಎಂಬ ಯೋಚನೆ, ಆ ಹೊತ್ತಿನಲ್ಲೂ, ಒಂದು ಗಳಿಗೆ ಬಂದು ಹೋಯಿತು. ದುಂಡನೆಯ ಅಕ್ಷರ. ಪ್ರತಿ ಪುಟದ ತುದಿಗೆ ತಾರೀಖು, ಅದರ ಪಕ್ಕ ಇವಳ ಸಹಿ. ಗುರುವಾರ ಗುರುವಾರ ವಿದ್ಯಾರ್ಥಿಗಳ ಪುಸ್ತಕಗಳು ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು, ಅವಳು ಫೋನಿನಲ್ಲಿ ಮಾತಾಡುತ್ತಲೇ ಪುಟ ತಿರುವಿ ತಿರುವಿ ಸಹಿ ಹಾಕುತ್ತಿದ್ದಳು. ನೂರಹದಿನೆಂಟನೆಯ ಪುಟದಲ್ಲಿ ನಾಲ್ಕೇ ಸಾಲು ಇತ್ತು. ಗಾಜಿನ ಉಷ್ಣಮಾಪಕವನ್ನು ಎರಡೂ ವಾಟರ್ ಬಾತುಗಳಲ್ಲಿ ಇಟ್ಟು ನೋಡಿದೆ. ಹಳೆಯದರ ಡಯಲ್ 42, ನೀರು 44.5. ಹೊಸದರ ಡಯಲ್ 42, ನೀರು 42. ಹಾಗಾದರೆ ಹಳೆಯ ಫಲಿತಾಂಶವೂ ನನ್ನದೂ ಎರಡೂ ಸರಿ ಇರಬಹುದು. ಕೆಳಗೆ ತಾರೀಖು. ಪಕ್ಕದಲ್ಲಿ ಇವಳ ಸಹಿ. ಉಗ್ರಾಣದ ಮಂಕು ದೀಪದಲ್ಲಿ ಅವಳು ಅಷ್ಟನ್ನು ಓದಿ ಪುಸ್ತಕ ಮುಚ್ಚಿದಳು, ಮತ್ತೆ ತೆರೆಯಲಿಲ್ಲ. ಓದದೆ ಸಹಿ ಮಾಡಿದ್ದೇನೆ ಎಂದುಕೊಂಡಳು. ಎಲ್ಲರೂ ಹಾಗೇ ಮಾಡುತ್ತಾರೆ. ಓದದೆ ಸಹಿ ಮಾಡುವುದು ತಪ್ಪು, ಆದರೆ ಅದು ಸೋಮಾರಿತನದ ತಪ್ಪು. ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಾಗ ಅದು ಸಮಾಧಾನವೆನಿಸಿತು, ಸಮಾಧಾನವೆನಿಸಿದ್ದಕ್ಕೆ ನಾಚಿಕೆಯಾಯಿತು.

ದೊಡ್ಡವರ ಕೋಣೆಯಲ್ಲೂ ಪೆಟ್ಟಿಗೆಗಳು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರು ದಿನಾ ಬರುತ್ತಿದ್ದರು, ಮಧ್ಯಾಹ್ನ ಕುರ್ಚಿಯಲ್ಲೇ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವರು ಅಜ್ಜಿಯ ವಿಷಯ ಕೇಳಿ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಗಡಿಬಿಡಿ ಬೇಡ ಎಂದರು. ಹೊಸ ಕಟ್ಟಡಕ್ಕೆ ಹೋಗಿ ನೆಲೆಯಾಗಲಿ, ಎರಡೂ ಬಿಸಿಯಲ್ಲಿ ಮೂರು ಮೂರು ಸಲ ಮಾಡಿ ನೋಡು, ಆಮೇಲೆ ಪತ್ರಿಕೆಗೆ ಒಂದು ತಿದ್ದುಪಡಿ ಕಳಿಸೋಣ, ವಿಜ್ಞಾನದಲ್ಲಿ ಇದೆಲ್ಲ ಇದ್ದದ್ದೇ ಎಂದರು. ಒಂದೊಂದು ಮಾತೂ ನ್ಯಾಯವಾಗಿತ್ತು. ಅವಳು ಆಸ್ಪತ್ರೆಯ ವಿಷಯ ಎತ್ತಿದಳು. ಕ್ಯಾನ್ಸರ್ ಆಸ್ಪತ್ರೆಯ ಒಬ್ಬ ಡಾಕ್ಟರು ಅವಳ ಪ್ರಬಂಧ ಓದಿ, ಎರಡು ವರ್ಷದಿಂದ ತಯಾರಿ ಮಾಡಿಕೊಂಡು, ಬರುವ ತಿಂಗಳಿಂದ ಹನ್ನೆರಡು ಜನ ರೋಗಿಗಳ ಗೆಡ್ಡೆಗೆ ಒಂದೊಂದು ಗಂಟೆ ನಲವತ್ತೆರಡು ಡಿಗ್ರಿ ಬಿಸಿ ಕೊಡುವವರಿದ್ದರು. ಅದಕ್ಕಿಂತ ಮೇಲೆ ಹೋದರೆ ಸುತ್ತಲಿನ ಒಳ್ಳೆಯ ಮಾಂಸ ಬೇಯುತ್ತದೆ ಎಂದು ಅಲ್ಲಿಗೇ ನಿಲ್ಲಿಸಿದ್ದರು. ಮೆಲ್ಲಮ್ಮ ಕಂಡದ್ದು ನಿಜವಾದರೆ ಆ ಬಿಸಿಯಲ್ಲಿ ಗೆಡ್ಡೆ ಸಾಯುವುದಿಲ್ಲ. ಏಟು ತಿಂದು ಗಟ್ಟಿಯಾಗುತ್ತದೆ. ಅವರ ಕೆಲಸ ಅವರಿಗೆ ಗೊತ್ತಿರುತ್ತದೆ ಎಂದರು ದೊಡ್ಡವರು. ಅವಳು ಹೊರಡುವಾಗ ಹಿಂದಿನಿಂದ ಕರೆದರು. ಅವರ ದನಿಯಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. "ನೋಡಮ್ಮ, ಆ ಹುಡುಗಿ ಫಲಿತಾಂಶ ನೋಡಿ ನಂಗೂ ಅನುಮಾನ ಬಂದಿತ್ತು. ನಿನ್ನ ಕೇಳ್ದೆ. ಅವಳ ಕೈ ಸರಿಯಿಲ್ಲ ಅಂದೆ ನೀನು. ನಿನ್ನ ಮಾತು ಅಂತ ಬಿಟ್ಬಿಟ್ಟೆ." ಹೌದು ಸಾರ್ ಎಂದಳು. ಅವರು ಕೇಳಿದ್ದು ಅವಳಿಗೆ ಮರೆತೇಹೋಗಿತ್ತು. ಮೆಟ್ಟಿಲು ಇಳಿಯುವಾಗ ಅದು ನೆನಪಿಗೆ ಬಂತು: ಇದೇ ಮೆಟ್ಟಿಲು, ಅವರು ಎರಡು ಮೆಟ್ಟಿಲು ಮೇಲೆ, ಇವಳು ಕೆಳಗೆ, ಕೇಳಿದ ಕೂಡಲೇ, ಒಂದು ಉಸಿರೂ ತಡೆಯದೆ ಇವಳು ಕೊಟ್ಟ ಉತ್ತರ. ಅಷ್ಟು ಬೇಗ ಉತ್ತರ ಬರುವುದು ಮೊದಲೇ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡವರಿಗೆ ಮಾತ್ರ.

ಮೂರೂವರೆಗೆ ತಲೆನೋವು ಎಂದು ಹೇಳಿ ಹೊರಬಿದ್ದಳು. ಪುಸ್ತಕ ಕೈಚೀಲದಲ್ಲಿತ್ತು, ಅದನ್ನು ಹೊರಗೆ ಒಯ್ಯಕೂಡದೆಂಬ ನಿಯಮವನ್ನು ಬರೆದವಳೇ ಅವಳು. ಮೆಲ್ಲಮ್ಮ ಎಲ್ಲಿ ಸಿಗುತ್ತಾಳೆಂದು ಹುಡುಕಬೇಕಿರಲಿಲ್ಲ. ಮೂರು ವರ್ಷದ ಹಿಂದೆ ಅತ್ತೆಗೆ ಕಾಯಿಲೆಯಾದಾಗ ಅವರ ರಕ್ತದ ವರದಿ ತರಲು ಗಂಡನ ಜೊತೆ ಒಂದು ಪರೀಕ್ಷಾ ಕೇಂದ್ರಕ್ಕೆ ಹೋಗಿದ್ದಳು. ಗಾಜಿನ ಆಚೆ, ಬಿಳಿ ಕೋಟು ಹಾಕಿಕೊಂಡು, ಯಾರದೋ ತೋಳಿಗೆ ರಬ್ಬರು ಪಟ್ಟಿ ಕಟ್ಟುತ್ತಿದ್ದ ಮೆಲ್ಲಮ್ಮನನ್ನು ಕಂಡು, ಯಾವುದೋ ಮುಖ್ಯವಾದ ಫೋನು ಬಂದವಳ ಹಾಗೆ ರಸ್ತೆಗೆ ಬಂದು ನಿಂತಿದ್ದಳು. ವರದಿ ತರಲು ಗಂಡ ಒಬ್ಬನೇ ಒಳಗೆ ಹೋದ. ಈಗ ಅದೇ ಬಾಗಿಲು ತಳ್ಳಿ ಒಳಗೆ ಬಂದಾಗ ಕೌಂಟರಿನ ಹುಡುಗಿ ಯಾವ ಪರೀಕ್ಷೆ ಎಂದು ಕೇಳಿದಳು. ಮಾತಾಡಬೇಕು ಎನ್ನಲು ಬಾಯಿ ಬರಲಿಲ್ಲ. ಸಕ್ಕರೆ ಎಂದಳು. ಊಟವಾಗಿ ಎಷ್ಟು ಹೊತ್ತಾಯಿತು, ವಯಸ್ಸೆಷ್ಟು ಎಂದು ಹುಡುಗಿ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು. ಐವತ್ತೊಂದು ಎಂದಳು. ಮಧ್ಯಾಹ್ನ ತಾನು ಊಟವನ್ನೇ ಮಾಡಿಲ್ಲವೆಂದು ಆಗ ನೆನಪಾಯಿತು. ಟೋಕನ್ನು ಹಿಡಿದು ಬೆಂಚಿನ ಮೇಲೆ, ಕೆಮ್ಮುತ್ತಿದ್ದ ಒಬ್ಬ ಮುದುಕನ ಪಕ್ಕದಲ್ಲಿ ಕೂತಳು. ಇಲ್ಲಿಂದ ಎದ್ದು ಹೋಗಬಹುದು. ಪತ್ರ ಬರೆಯಬಹುದು. ಪತ್ರವೇ ಮೇಲು, ಪತ್ರದಲ್ಲಿ ಮಾತು ತೂಗಿ ಬರೆಯಬಹುದು ಎಂದುಕೊಳ್ಳುತ್ತಿರುವಾಗಲೇ ಅವಳ ನಂಬರು ಕೂಗಿದರು.

ಮೆಲ್ಲಮ್ಮ ತಲೆಯೆತ್ತಿ ನೋಡಿ, "ಕೂತ್ಕೊಳ್ಳಿ ಮೇಡಂ" ಎಂದಳು. ಎಲ್ಲರಿಗೂ ಅನ್ನುವ ಮೇಡಂ ಅದೋ, ಹಳೆಯ ಮೇಡಮ್ಮೋ ಗೊತ್ತಾಗಲಿಲ್ಲ. ಮೈ ಸ್ವಲ್ಪ ತುಂಬಿಕೊಂಡಿತ್ತು, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ತೋಳಿಗೆ ಪಟ್ಟಿ ಕಟ್ಟಿ, ಮುಷ್ಟಿ ಬಿಗಿ ಮಾಡಲು ಹೇಳಿ, ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ, ಸೂಜಿ ಇಳಿಸಿದಳು. ಇವಳ ನರ ಸಿಗುವುದು ಕಷ್ಟ, ಎಲ್ಲಿ ಹೋದರೂ ಮೂರು ಕಡೆ ಚುಚ್ಚುತ್ತಿದ್ದರು. ಇದು ಗೊತ್ತೇ ಆಗಲಿಲ್ಲ. ರಕ್ತ ಕೊಳವೆಗೆ ಏರುತ್ತಿರುವಾಗ, ಈಗಲ್ಲದಿದ್ದರೆ ಇಲ್ಲ ಎನ್ನಿಸಿ, ಅಜ್ಜಿಯ ವಿಷಯ ಹೇಳಲು ತೊಡಗಿದಳು. ಹಿಂದೆ ಮೆಲ್ಲಮ್ಮನನ್ನು ನೀನು ಎನ್ನುತ್ತಿದ್ದಳು. ಈಗ ನೀನು ಎನ್ನುವ ಸಲುಗೆ ಇರಲಿಲ್ಲ, ನೀವು ಎಂದರೆ ನಾಟಕವಾಗುತ್ತಿತ್ತು. ಎರಡೂ ಇಲ್ಲದೆ ವಾಕ್ಯಗಳು ಕುಂಟಿದವು. ಮೆಲ್ಲಮ್ಮ ಹತ್ತಿ ಒತ್ತಿ, ಸೂಜಿ ತೆಗೆದು, ಕೊಳವೆಯ ಮೇಲೆ ಹೆಸರು ಬರೆಯುತ್ತಲೇ ಕೇಳಿಸಿಕೊಂಡಳು. ಪುಸ್ತಕ ನೋಡಿದೆ, ನೂರಹದಿನೆಂಟನೇ ಪುಟ, ಓದದೆ ಸಹಿ ಮಾಡಿಬಿಟ್ಟಿದ್ದೆ ಎಂದಾಗ ಮಾತ್ರ ಅವಳ ಪೆನ್ನು ನಿಂತಿತು.

"ಓದಿದ್ರಿ ಮೇಡಂ," ಎಂದಳು ಮೆಲ್ಲಮ್ಮ. ದನಿ ಏರಲಿಲ್ಲ. "ನಾನು ನೀರಿನ ಬಿಸಿಗೆ ಡಿಗ್ರಿ ಗುರುತು ಹಾಕೋದು ಮರೆತಿದ್ದೆ. ನಿಮ್ಮ ಹಸಿರು ಇಂಕಲ್ಲಿ ನೀವೇ ಹಾಕಿದ್ರಿ. ಎರಡು ಕಡೆ. ಪುಸ್ತಕ ವಾಪಸ್ ಬಂದಾಗ ಅದನ್ನ ನೋಡಿ, ಸರಿ, ಓದಿದ್ದಾರೆ, ಕರೀತಾರೆ ಅಂದ್ಕೊಂಡೆ. ಎರಡು ವಾರ ಕಾದೆ."

ಇವಳು ಮೊಣಕೈ ಮಡಚಿ ಹತ್ತಿ ಒತ್ತಿಕೊಂಡೇ ಕೂತಿದ್ದಳು, ಎದ್ದೇಳಿ ಎಂದು ಯಾರೂ ಹೇಳಲಿಲ್ಲ. ತನ್ನಿಂದ ತಪ್ಪಾಯಿತು ಎಂದಳು. ಅದು ಎಷ್ಟು ಸಣ್ಣ ಮಾತಾಗಿ ಹೊರಬಂತೆಂದರೆ ಪರದೆಯ ಆಚೆಯ ಮುದುಕನ ಕೆಮ್ಮಿನಲ್ಲಿ ಅರ್ಧ ಮುಚ್ಚಿಹೋಯಿತು. ಮೆಲ್ಲಮ್ಮ ಅದನ್ನು ಕೇಳಿಸಿಕೊಂಡಳು. ತಾನು ಆ ಕೆಲಸವನ್ನು ಬಿಟ್ಟು ಎಷ್ಟೋ ಕಾಲವಾಯಿತು, ಸಿಟ್ಟು ಒಂದು ನಾಲ್ಕು ವರ್ಷ ಇತ್ತು, ಆಮೇಲೆ ಮಗು ಹುಟ್ಟಿತು, ಅದರ ಗಲಾಟೆಯಲ್ಲಿ ಎಲ್ಲೋ ಕಳೆದುಹೋಯಿತು, ಈಗ ಕ್ಷಮಿಸಿದೆ ಅನ್ನೋಕೆ ತನ್ನ ಹತ್ತಿರ ಏನೂ ಉಳಿದಿಲ್ಲ ಎಂದು, ಯಾರದೋ ವರದಿ ವಿವರಿಸುವ ಹಾಗೆ ಹೇಳಿದಳು. ಈಗ ಯಾಕೆ ಇದೆಲ್ಲ ಎದ್ದಿತು ಎಂದು ಕೇಳಿದಳು. ಆಸ್ಪತ್ರೆಯ ವಿಷಯ, ಹನ್ನೆರಡು ಜನರ ವಿಷಯ ತಿಳಿದ ಮೇಲೆ ಅವಳ ಮುಖ ಮೊದಲ ಸಲ ಬದಲಾಯಿತು.

"ಆ ಡಾಕ್ಟ್ರಿಗೆ ಹೇಳಿದ್ರಾ?"

ಇನ್ನೂ ಇಲ್ಲ ಎಂದಳು.

"ಮತ್ತೆ ಮೊದಲು ಇಲ್ಲಿಗೆ ಯಾಕೆ ಬಂದ್ರಿ?" ಎಂದು ಮೆಲ್ಲಮ್ಮ ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು. ಕೊಳವೆಯನ್ನು ಟ್ರೇಯಲ್ಲಿಟ್ಟು, ವರದಿ ನಾಳೆ ಸಿಗುತ್ತದೆ ಎಂದು ಹೇಳಿ ಮುಂದಿನ ನಂಬರು ಕರೆದಳು.

ಬಸ್ಸಿನಲ್ಲಿ ಕೂರಲು ಜಾಗವಿತ್ತು, ಆದರೂ ಅವಳು ಕಂಬ ಹಿಡಿದು ನಿಂತೇ ಬಂದಳು. ಮೊದಲು ಇಲ್ಲಿಗೆ ಯಾಕೆ ಬಂದ್ರಿ. ಹಗುರಾಗುವುದಕ್ಕೆ. ಮೆಲ್ಲಮ್ಮ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ, ಎರಡರಲ್ಲಿ ಯಾವುದಾದರೂ ಸರಿ, ಅದನ್ನು ಪಡೆದುಕೊಂಡು ಮನೆಗೆ ಹೋಗಿ ಮಲಗಬಹುದು ಎಂದು ಬಂದಿದ್ದಳು. ಹನ್ನೆರಡು ಜನ ರೋಗಿಗಳು ಬೆಳಗಿನಿಂದ ಅವಳ ತಲೆಯಲ್ಲಿ ಒಂದು ಸಂಖ್ಯೆಯಾಗಿ ಮಾತ್ರ ಇದ್ದರು. ಹಸಿರು ಇಂಕು. ಆ ಕಾಲದಲ್ಲಿ ಅವಳು ಹಸಿರಿನಲ್ಲೇ ತಿದ್ದುತ್ತಿದ್ದಳು, ಕೆಂಪು ಕಂಡರೆ ಹುಡುಗರು ಹೆದರುತ್ತಾರೆ ಎಂದು. ತನ್ನನ್ನು ತಾನು ಎಷ್ಟು ಒಳ್ಳೆಯವಳೆಂದು ತಿಳಿದುಕೊಂಡಿದ್ದೆ ಎಂದು ಅವಳಿಗೆ ಆಶ್ಚರ್ಯವಾಯಿತು.

ಮನೆಯಲ್ಲಿ ಗಂಡ ಊಟದ ಮೇಜಿನ ಮೇಲೆ ಕರಡು ಹರಡಿಕೊಂಡು ಕೂತಿದ್ದ. ಮೂವತ್ತು ವರ್ಷದಿಂದ ಅವನದು ಅದೇ ಕೆಲಸ, ಬೇರೆಯವರು ಬರೆದ ಪುಸ್ತಕಗಳಲ್ಲಿ ತಪ್ಪು ಹುಡುಕುವುದು. ಅಡುಗೆ ಪುಸ್ತಕವಾಗಲಿ ಕಾನೂನು ಪುಸ್ತಕವಾಗಲಿ, ಒಳಗಿನ ಸಂಗತಿ ಗೊತ್ತಿಲ್ಲದೆಯೂ ಒಂದು ಅಕ್ಷರ ಬಿಡುತ್ತಿರಲಿಲ್ಲ. ನಿನ್ನ ಪ್ರಬಂಧದಲ್ಲಿ ನನಗೆ ಅರ್ಥವಾಗಿದ್ದು ಅಲ್ಪವಿರಾಮ ಮಾತ್ರ ಎಂದು ಅವಳನ್ನು ಕಾಡಿಸುತ್ತಿದ್ದ. ಅವಳು ಚಪ್ಪಲಿ ಬಿಟ್ಟವಳೇ ಪುಸ್ತಕ ತೆಗೆದು ಆ ಪುಟವನ್ನು ಅವನ ಮುಂದಿಟ್ಟು, ಇದರಲ್ಲಿ ಎಷ್ಟು ಕೈ ಇದೆ ಎಂದು ಕೇಳಿದಳು. ಯಾಕೆ ಎಂದು ಅವನು ಕೇಳಲಿಲ್ಲ. ಮೇಜಿನ ದೀಪ ಹತ್ತಿರಕ್ಕೆ ಎಳೆದು, ಭೂತಗನ್ನಡಿ ಹಿಡಿದು, ನಾಲ್ಕು ಸಾಲನ್ನು ನಾಲ್ಕು ನಿಮಿಷ ನೋಡಿದ. "ಎರಡು. ಬರೆದಿದ್ದು ಒಬ್ಬರು. ಈ ಎರಡು ಸೊನ್ನೆ ನಿಂದು. ನೀನು ಸೊನ್ನೆ ಕೆಳಗಿಂದ ಶುರು ಮಾಡ್ತೀಯ, ಬಾಲ ಬಿಡ್ತೀಯ. ಇಲ್ಲಿ ನೋಡು, ನಲವತ್ತನಾಲ್ಕೂವರೆ ಪಕ್ಕದ್ದನ್ನ ಬರೆಯೋಕೆ ಸ್ವಲ್ಪ ಹೊತ್ತು ತಗೊಂಡಿದ್ದೀಯ. ಇಂಕು ಒಂದೇ ಕಡೆ ನಿಂತು ಊರಿದೆ."

ಅವಳು ನೋಡಿದಳು. ಸಂಖ್ಯೆಯ ಭುಜದ ಮೇಲೆ ಒಂದು ಪುಟ್ಟ ಹಸಿರು ಉಂಗುರ, ಅದರ ಬಾಲದ ತುದಿಯಲ್ಲಿ ಒಂದು ಬೊಟ್ಟು. ಪೆನ್ನು ಅಲ್ಲಿ ನಿಂತಿತ್ತು. ಎಷ್ಟು ಹೊತ್ತು? ಅಷ್ಟು ಇಂಕು ಊರಲು ಎಷ್ಟು ಹೊತ್ತು ಬೇಕು? ಆಗ ಕಿಟಕಿಯ ಹೊರಗೆ ಏನಿತ್ತು, ಯಾರಾದರೂ ಒಳಗೆ ಬಂದಿದ್ದರೇ, ಫೋನು ಬಂದಿತ್ತೇ, ಒಂದೂ ನೆನಪಾಗಲಿಲ್ಲ. ಆದರೆ ಆ ಬೊಟ್ಟನ್ನು ನೋಡುತ್ತ ನೋಡುತ್ತ, ಆ ಸಂಖ್ಯೆಯನ್ನು ಎರಡನೆಯ ಸಲ ಓದಿದ ಗಳಿಗೆ ಮಾತ್ರ ತಪ್ಪಿಲ್ಲದೆ ಮರಳಿ ಬಂತು. ಅರ್ಥವಾಗಿತ್ತು. ಪೂರ್ತಿ ಅರ್ಥವಾಗುವ ಮೊದಲೇ ಪುಟ ತಿರುವಿದ್ದಳು, ಅಷ್ಟೇ. ತಿರುವುವ ಮುಂಚೆ ಸಹಿ ಹಾಕಲು ಆ ಕೈ ಮರೆತಿರಲಿಲ್ಲ. ಆಮೇಲಿನ ಒಂಬತ್ತು ವರ್ಷ ಅವಳು ಅದನ್ನು ಮರೆತದ್ದಲ್ಲ, ಮರೆಯುವ ಕೆಲಸವನ್ನು ದಿನಾ ಸ್ವಲ್ಪ ಸ್ವಲ್ಪ ಮಾಡಿದ್ದು. ಗಂಡ ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟ. ಅವಳು ಎಲ್ಲವನ್ನೂ ಹೇಳಿದಳು. ಕೆಲಸ ಹೋಗಬಹುದು ಎಂದಳು. ಅವನು ತನ್ನ ಕರಡುಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಜನ್ನು ಖಾಲಿ ಮಾಡಿ, ಫೋನನ್ನು ಅವಳ ಕಡೆಗೆ ಸರಿಸಿದ.

ಏಳು ಗಂಟೆಗೆ ಡಾಕ್ಟರು ಸಿಕ್ಕರು. ಇನ್ನೂ ಆಸ್ಪತ್ರೆಯಲ್ಲೇ ಇದ್ದರು; ಅವಳ ದನಿ ಕೇಳಿ ಖುಷಿಯಾಗಿ, ಯಂತ್ರ ಬಂದಿದೆ, ಮೊದಲನೆಯ ರೋಗಿ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ್ದಾರೆ ಎಂದರು. ಅವಳು ಮಧ್ಯೆ ತಡೆದು ಹೇಳಬೇಕಾಯಿತು. ಬಿಸಿಯ ಅಳತೆ, ಓಲೆ, ಜಿಗಣೆ, ನಲವತ್ತೆರಡರಲ್ಲಿ ಗೆಡ್ಡೆಯ ಕೋಶಗಳು ಮರುದಿನ ಎದ್ದು ಕೂತದ್ದು. ಒಂದನ್ನೂ ಬಿಡದೆ ಕ್ರಮವಾಗಿ ಹೇಳಿದಳು. ಆಮೇಲೆ ಅವರು ಕೇಳಿದ್ದು ಒಂದೇ: ನಿಮಗೆ ಇದು ಯಾವಾಗ ಗೊತ್ತಾಯಿತು? ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಅಳತೆಯವನ ಕಾಗದವಿತ್ತು, ಅದರ ಮೇಲೆ ಇವತ್ತಿನ ತಾರೀಖಿತ್ತು, ಯಾರು ಎಲ್ಲಿ ಕೇಳಿದರೂ ಆ ಮಾತು ನಿಲ್ಲುತ್ತಿತ್ತು. ಗಂಡ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ಇಡುತ್ತಿದ್ದ.

"ಒಂಬತ್ತು ವರ್ಷದ ಹಿಂದೆ," ಎಂದಳು.

ಡಾಕ್ಟರು ಬೈಯಲಿಲ್ಲ. ಅವರ ದನಿಯಿಂದ ಬಹುವಚನದ ಜೊತೆ ಬರುತ್ತಿದ್ದ ಗೌರವ ಹೋಗಿ ಬರೀ ಬಹುವಚನ ಉಳಿಯಿತು. ಹನ್ನೆರಡು ಜನಕ್ಕೂ ನಾನು ಹೇಳಬೇಕು, ಯಾಕೆ ನಿಲ್ಲಿಸಿದಿರಿ ಎಂದು ಅವರು ಕೇಳುತ್ತಾರೆ, ಏನು ಹೇಳಲಿ ಎಂದರು. ನಾನೇ ಬಂದು ಹೇಳುತ್ತೇನೆ ಎಂದಳು. ಹಾಗಾದರೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಮೊದಲನೆಯವರು ಒಬ್ಬ ಬಸ್ ಕಂಡಕ್ಟರು, ಸುತ್ತಿಬಳಸಿ ಹೇಳಿದರೆ ಬಿಡುವವರಲ್ಲ ಎಂದರು.

ಕಂಡಕ್ಟರಿಗೆ ಅರವತ್ತರ ಹತ್ತಿರ. ಕಿವಿಯ ಕೆಳಗೆ ಗೆಡ್ಡೆ, ಅದರ ಮೇಲೆ ಮಫ್ಲರು ಸುತ್ತಿಕೊಂಡಿದ್ದ. ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಡಾಕ್ಟರು ಬಾಗಿಲಿಗೆ ಒರಗಿ ನಿಂತರು. ಅವಳು ಹೇಳಲು ಶುರು ಮಾಡಿದಾಗ ಆತ ಕಿವಿ ಈ ಕಡೆ ತಿರುಗಿಸಿ, ಗಲಾಟೆಯ ಬಸ್ಸಿನಲ್ಲಿ ಯಾರೋ ನಿಲ್ದಾಣದ ಹೆಸರು ಹೇಳುತ್ತಿದ್ದಾರೆ ಎನ್ನುವಂತೆ, ಒಂದೊಂದು ಮಾತನ್ನೂ ಹಿಡಿದುಕೊಳ್ಳುತ್ತ ಕೇಳಿದ. ಅರ್ಥವಾಗದ ಕಡೆ ಕೈಯೆತ್ತಿ ನಿಲ್ಲಿಸಿದ. ಅಂದರೆ ನನಗೆ ಕಾಯಿಸಿದ್ದರೆ ಇದು ಇನ್ನೂ ದಪ್ಪವಾಗುತ್ತಿತ್ತೇ ಎಂದ. ಆಗಬಹುದಿತ್ತು ಎಂದಳು. ಇಷ್ಟು ದಿನ ಇದನ್ನೇ ನೆಚ್ಚಿಕೊಂಡು ಬೇರೆ ಆಪರೇಷನ್ನು ಮುಂದೂಡಿದೆ, ಅದು ಗೊತ್ತೇ ಎಂದ. ಗೊತ್ತಿರ‍ಲಿಲ್ಲ ಎಂದಳು. ವಿದ್ಯಾರ್ಥಿಯೊಬ್ಬಳು ಇದನ್ನು ಮೊದಲೇ ಕಂಡು ಬರೆದಿಟ್ಟಿದ್ದನ್ನೂ, ತಾನು ಅದನ್ನು ಓದಿ, ತಿದ್ದಿ, ಸಹಿ ಮಾಡಿ, ಸುಮ್ಮನಿದ್ದುದನ್ನೂ ಹೇಳಿದಳು. ಅದನ್ನು ಹೇಳುವಾಗ ಆತನ ಮುಖ ನೋಡಬೇಕು ಎಂದು ಬರುವಾಗ ಬಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದಳು, ನೋಡಿದಳು. ಆತ ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಆ ಹುಡುಗಿ ಈಗೇನು ಮಾಡ್ತಿದ್ದಾಳೆ?" ಎಂದ.

ರಕ್ತ ಪರೀಕ್ಷೆಯ ಕಡೆ ಕೆಲಸಕ್ಕಿದ್ದಾಳೆ, ಇಲ್ಲೇ ಹತ್ತಿರ ಎಂದಳು.

ಆತ ಮಫ್ಲರಿನ ತುದಿ ಕೈಬಿಟ್ಟು, "ಅವಳನ್ನ ಕರ್ಕೊಂಡು ಬನ್ನಿ. ಇನ್ನು ಮುಂದಿನದ್ದು ಅವಳ ಬಾಯಿಂದ ಕೇಳ್ತೀನಿ," ಎಂದ. ಆಮೇಲೆ, ಬರುವವಳಿಗೆ ಜಾಗವಾಗಲೆಂದು, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಕಾಲಿನ ಹತ್ತಿರ ಇಟ್ಟುಕೊಂಡು, ಅವಳು ಏಳುವುದನ್ನೇ ಕಾಯುತ್ತ ಕೂತ.